ನಿಮಗಿದು ಗೊತ್ತೇ? ಹುತುತು ದಮ್ಮು, ಹಂತಿಯ ಹಾಡು, ಮನಸ್ಸಿನ ಗಾಯ

● ಹುತುತು ಆಡುವಾಗ ಗೆರೆ ದಾಟಿ ಎದುರಿನವರ ಅಂಗಳಕ್ಕೆ ನುಗ್ಗಿದ ಹುಡುಗ ಅಷ್ಟು ಹೊತ್ತೂ ಮಾಡುವುದು ಉಸಿರು ಬಿಡುವ ಕೆಲಸ. ಎದೆ ತುಂಬ ಎಳೆದುಕೊಂಡ ಗಾಳಿಯನ್ನು ಸಣ್ಣಗೆ, ಸದ್ದು ಮಾಡುತ್ತ, ತೀರುವ ತನಕ ಬಿಡುತ್ತಾನೆ. ದಮ್ಮು ಕಡಿದರೆ ಔಟ್. ಸುತ್ತ ಹಿಡಿಯಲು ನಿಂತವರ ನಡುವೆಯೂ ಅಂಜದೆ ಉಸಿರನ್ನು ಅಳೆದು ಖರ್ಚು ಮಾಡುವ ಈ ವಿದ್ಯೆಯನ್ನು ಬೈಲಹೊಂಗಲ, ಕಿತ್ತೂರು ಕಡೆಯ ಹುಡುಗರು ಯಾವ ಶಿಬಿರಕ್ಕೂ ಫೀ ಕಟ್ಟದೆ ಕಲಿತರು. ಇವತ್ತು ಊರೂರಿಗೆ ಬಂದಿರುವ ‘ಉಸಿರಾಟದ ತರಬೇತಿ’ಗಳ ತಿರುಳೂ ಬಹುಮಟ್ಟಿಗೆ ಇಷ್ಟೇ: ಎಳೆಯುವುದಕ್ಕಿಂತ ಬಿಡುವುದು ಉದ್ದವಿರಲಿ.

● ನಂಬಿಕೆ ಬಾರದಿದ್ದರೆ ಮಣಿಕಟ್ಟಿನ ನಾಡಿ ಹಿಡಿದು ನೋಡಿ. ಉಸಿರು ಒಳಗೆಳೆದಾಗ ಬಡಿತ ತುಸು ಚುರುಕಾಗುತ್ತದೆ, ನಿಧಾನವಾಗಿ ಬಿಟ್ಟಾಗ ತುಸು ಇಳಿಯುತ್ತದೆ. ಇದು ರೋಗವಲ್ಲ, ಆರೋಗ್ಯದ ಗುರುತು.

● ಈ ಏರಿಳಿತದ ಹಿಂದಿರುವುದು ವೇಗಸ್ ಎಂಬ ನರ. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ ಅಲೆಮಾರಿ ಎಂದರ್ಥ. ಮಿದುಳಿನ ಬುಡದಿಂದ ಹೊರಟು ಗಂಟಲು, ಹೃದಯ, ಶ್ವಾಸಕೋಶಗಳನ್ನೆಲ್ಲ ಸುತ್ತಿ ಹೊಟ್ಟೆಯವರೆಗೆ ಅಲೆಯುವುದರಿಂದ ಆ ಹೆಸರು. ಸ್ವಾರಸ್ಯ ಬೇರೆ ಕಡೆ ಇದೆ. ಈ ನರದ ಎಳೆಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಸುದ್ದಿಯನ್ನು ಒಯ್ಯುವುದು ಮೈಯಿಂದ ಮಿದುಳಿಗೆ. ಮಿದುಳಿನಿಂದ ಮೈಗೆ ಬರುವ ಎಳೆಗಳು ಕಡಿಮೆ. ‘ಎದಿ ಧಸಕ್ಕಂತು’ ಎನ್ನುವವರು ಅಂಜಿಕೆಯ ವಿಳಾಸವನ್ನು ಎದೆಗೇ ಕೊಟ್ಟಿದ್ದರು. ಅವರ ಲೆಕ್ಕ ಅಷ್ಟೇನೂ ತಪ್ಪಿರಲಿಲ್ಲ.

● ಮನುಷ್ಯ ದಿನಕ್ಕೆ 21,600 ಸಲ ಉಸಿರಾಡುತ್ತಾನೆ ಎಂಬುದು ಹಳೆಯ ಯೋಗಗ್ರಂಥಗಳ ಲೆಕ್ಕ. ದಿನದ 1,440 ನಿಮಿಷಗಳಿಂದ ಭಾಗಿಸಿ ನೋಡಿ, ನಿಮಿಷಕ್ಕೆ ಸರಿಯಾಗಿ 15 ಬರುತ್ತದೆ. ಇವತ್ತಿನ ವೈದ್ಯರು ಆರೋಗ್ಯವಂತರಿಗೆ ಹೇಳುವುದು 12ರಿಂದ 20. ಗಡಿಯಾರವಿಲ್ಲದ ಕಾಲದ ಲೆಕ್ಕ ಇದು!

● ‘ನಿಟ್ಟುಸಿರು ಬಿಡಬ್ಯಾಡವಾ, ಮನಿಗೆ ಚಲೋ ಅಲ್ಲ’ ಎಂದು ಹಿರಿಯರು ಹೆಣ್ಣುಮಕ್ಕಳನ್ನು ಗದರುವುದುಂಟು. ಆದರೆ ಎಲ್ಲರೂ ಸುಮಾರು ಐದು ನಿಮಿಷಕ್ಕೊಮ್ಮೆ ತಮಗೇ ಗೊತ್ತಿಲ್ಲದೆ ನಿಟ್ಟುಸಿರು ಬಿಡುತ್ತಲೇ ಇರುತ್ತೇವೆ. ಶ್ವಾಸಕೋಶದೊಳಗಿನ ಗಾಳಿಚೀಲಗಳಲ್ಲಿ ಕೆಲವು ಆಗಾಗ ಮುದುಡಿಕೊಳ್ಳುತ್ತವೆ, ಅವನ್ನು ಮತ್ತೆ ಅರಳಿಸಲು ದೇಹವೇ ಮಾಡಿಕೊಂಡ ಏರ್ಪಾಡು ಇದು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿಟ್ಟುಸಿರನ್ನೇ ಅಭ್ಯಾಸ ಮಾಡಿಸಿದರು. ಮೂಗಿನಿಂದ ಎಳೆದು, ಅದರ ಮೇಲೆ ಇನ್ನೊಂದು ಗುಟುಕು ಎಳೆದು, ಬಾಯಿಂದ ಉದ್ದಕ್ಕೆ ಬಿಡುವುದು. ದಿನಕ್ಕೆ ಐದು ನಿಮಿಷ, ಒಟ್ಟು 28 ದಿನ. ಅಷ್ಟೇ ಹೊತ್ತು ಧ್ಯಾನ ಮಾಡಿದವರಿಗಿಂತ ಇವರ ಮನಸ್ಸಿನ ಉಲ್ಲಾಸ ಹೆಚ್ಚು ಸುಧಾರಿಸಿತ್ತು. ಭಾಗವಹಿಸಿದವರೆಲ್ಲ ಬಹುಮಟ್ಟಿಗೆ ಆರೋಗ್ಯವಂತರು ಎಂಬುದನ್ನು ಮರೆಯಬಾರದು. ಹಾಗಿದ್ದರೂ ಇನ್ನು ಮೇಲೆ ಮಗಳು ನಿಟ್ಟುಸಿರು ಬಿಟ್ಟರೆ ಗದರಬೇಡಿ.

● ಜಪಮಾಲೆ ಹಿಡಿದು ‘ಏವ್ ಮರಿಯಾ’ ಹೇಳಿದರೂ ಒಂದೇ, ಬೌದ್ಧರ ‘ಓಂ ಮಣಿ ಪದ್ಮೇ ಹುಂ’ ಹೇಳಿದರೂ ಒಂದೇ: ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತದೆ. ಇಟಲಿಯಲ್ಲಿ 23 ಮಂದಿಯ ಮೇಲೆ ನಡೆಸಿ 2001ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. ದೇವರು ಬೇರೆಯಾದರೂ ದಮ್ಮು ಒಂದೇ.

● ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 12 ಮಂದಿ ಆರೋಗ್ಯವಂತರನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿ ಓಂ ಹೇಳಿಸಿದರು. ಹೋಲಿಕೆಗಾಗಿ ಬರೀ ‘ಸ್‌ಸ್‌ಸ್’ ಎಂದು ಉಸಿರು ಬಿಡಿಸಿಯೂ ನೋಡಿದರು. ಓಂಕಾರದ ಹೊತ್ತಿಗೆ ಮಿದುಳಿನಲ್ಲಿ ಭಯ, ಭಾವನೆಗಳಿಗೆ ಸಂಬಂಧಪಟ್ಟ ಭಾಗಗಳ ಚಟುವಟಿಕೆ ತಗ್ಗಿತು, ‘ಸ್‌ಸ್‌ಸ್’ಗೆ ತಗ್ಗಲಿಲ್ಲ. ವರದಿ ಬಂದದ್ದು 2011ರಲ್ಲಿ. ಹನ್ನೆರಡೇ ಜನರ ಪರೀಕ್ಷೆ. ಇದರ ಮೇಲೆ ದೊಡ್ಡ ಮಾತಾಡುವವರ ಕೈಗೆ ಮೈಕು ಕೊಡಬೇಡಿ.

● ಬಾಯಿ ಮುಚ್ಚಿ ದುಂಬಿಯಂತೆ ಗುಂಯ್ ಎಂದರೆ ಮೂಗಿನೊಳಗಿನ ನೈಟ್ರಿಕ್ ಆಕ್ಸೈಡ್ ಸುಮ್ಮನೆ ಉಸಿರಾಡುವಾಗಿನದಕ್ಕಿಂತ 15 ಪಟ್ಟು ಹೆಚ್ಚು ಹೊರಬರುತ್ತದೆ. ಸ್ವೀಡನ್ನಿನವರು 2002ರಲ್ಲಿ ಅಳೆದರು. ಈ ಪ್ರಾಣಾಯಾಮಕ್ಕೆ ಭ್ರಾಮರಿ ಎಂದು ಹೆಸರಿಟ್ಟವರು ಅದಕ್ಕಿಂತ ಎಷ್ಟೋ ಮೊದಲು ಗುಂಯ್‌ಗುಟ್ಟಿದ್ದರು.

● ಜಗತ್ತಿಗೆ ಯೋಗ ಕಲಿಸಿದ ಬಿ. ಕೆ. ಎಸ್. ಅಯ್ಯಂಗಾರ್ ಅವರ ಗುರುವೃತ್ತಿಯ ಬೇರು ನಮ್ಮ ಧಾರವಾಡ-ಬೆಳಗಾವಿ ಸೀಮೆಯಲ್ಲಿದೆ. ಈ ಸಂಗತಿ ಇಲ್ಲಿನವರಿಗೇ ಅಷ್ಟಾಗಿ ಗೊತ್ತಿಲ್ಲ.

ಅಯ್ಯಂಗಾರ್ ಹುಟ್ಟಿದ್ದು 1918ರ ಡಿಸೆಂಬರ್‌ 14ರಂದು, ಕೋಲಾರ ಸೀಮೆಯ ಬೆಳ್ಳೂರಿನಲ್ಲಿ. ಇನ್‌ಫ್ಲುಯೆಂಜಾ ಜಗತ್ತನ್ನೇ ಗುಡಿಸಿಹಾಕುತ್ತಿದ್ದ ವರ್ಷ ಅದು. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವೂ ಬಂದುಹೋದ ಬಡಕಲು ಹುಡುಗ. ಮೈಸೂರು ಅರಮನೆಯ ಯೋಗಶಾಲೆಯಲ್ಲಿದ್ದ ಭಾವ ಟಿ. ಕೃಷ್ಣಮಾಚಾರ್ಯರು ಅವನನ್ನು ಕರೆಸಿಕೊಂಡು ಆಸನ ಕಲಿಸಿದರು. ಆ ಕೃಷ್ಣಮಾಚಾರ್ಯರೂ ಕನ್ನಡನಾಡಿನವರೇ, ಚಿತ್ರದುರ್ಗ ಸೀಮೆಯ ಮುಚುಕುಂದಪುರದವರು.

1936ರಲ್ಲಿ ಗುರು-ಶಿಷ್ಯರ ತಂಡ ಉತ್ತರ ಕರ್ನಾಟಕದ ಪ್ರವಾಸಕ್ಕೆ ಬಂತು. ಧಾರವಾಡದ ಹೆಣ್ಣುಮಕ್ಕಳು ‘ನಮಗೂ ಕಲಿಸ್ರಿ’ ಎಂದು ಕೇಳಿದರು. ಹಿರಿಯ ಗಂಡಸರು ಕಲಿಸುವುದು ಆ ಕಾಲಕ್ಕೆ ಸರಿ ಕಾಣಲಿಲ್ಲ. ತಂಡದಲ್ಲಿ ಎಲ್ಲರಿಗಿಂತ ಸಣ್ಣವನು ಯಾರು? ಹದಿಹರೆಯದ ಅಯ್ಯಂಗಾರ್. ಆ ಕೆಲಸ ಅವನ ಪಾಲಿಗೆ ಬಂತು. ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ. ಬಿ. ಗೋಖಲೆಯವರು ಈ ತಂಡದ ಪ್ರದರ್ಶನ ಕಂಡು ಮೆಚ್ಚಿದ್ದರು. ಅವರು ಪುಣೆಗೆ ಹೋದ ಮೇಲೆ 1937ರಲ್ಲಿ ಆರು ತಿಂಗಳ ಮಟ್ಟಿಗೆಂದು ಅಯ್ಯಂಗಾರರನ್ನು ಕರೆಸಿಕೊಂಡರು. ಆರು ತಿಂಗಳಿಗೆಂದು ಹೋದವರು 2014ರಲ್ಲಿ ತೀರಿಕೊಳ್ಳುವ ತನಕ ಪುಣೆಯಲ್ಲೇ ಉಳಿದರು.

ಅವರ ಪದ್ಧತಿಯ ಆಸನಗಳನ್ನೇ ಅಮೆರಿಕದ ಬಾಸ್ಟನ್ನಿನಲ್ಲಿ ಖಿನ್ನತೆಯವರಿಗೆ ಕಲಿಸಿ ನೋಡಿದರು, ಜೊತೆಗೆ ನಿಮಿಷಕ್ಕೆ ಐದರಂತೆ ನಿಧಾನದ ಉಸಿರಾಟ. ಹನ್ನೆರಡು ವಾರಗಳಲ್ಲಿ ಖಿನ್ನತೆ ಗಣನೀಯವಾಗಿ ಇಳಿಯಿತೆಂದು 2017ರ ವರದಿ ಹೇಳುತ್ತದೆ. ಧಾರವಾಡದ ಆ ಹೆಣ್ಣುಮಕ್ಕಳು ಕೇಳದೇ ಇದ್ದಿದ್ದರೆ? ಇತಿಹಾಸದಲ್ಲಿ ಇಂಥ ಪ್ರಶ್ನೆಗೆ ಉತ್ತರವಿಲ್ಲ, ಆದರೂ ಕೇಳಲು ಖುಷಿ.

● ಶಾಲೆ ಮಕ್ಕಳಿಗೆ ಸೂರ್ಯನಮಸ್ಕಾರ ಕಡ್ಡಾಯ ಮಾಡಿದ ರಾಜ ಔಂಧ್ ಸಂಸ್ಥಾನದ ಭವಾನರಾವ್ ಪಂತ ಪ್ರತಿನಿಧಿ. ರಾಮದುರ್ಗದ ಭಾವೆ ಸಂಸ್ಥಾನದಂತೆ ಅದೂ ದಖನ್ನಿನ ಚಿಕ್ಕ ಸಂಸ್ಥಾನಗಳಲ್ಲೊಂದು. ಕನ್ನಡ ಮಾತಾಡುವ ವಿಜಯಪುರ ಸೀಮೆಯ ಗುಣದಾಳವೂ ಔಂಧಕ್ಕೇ ಸೇರಿತ್ತು.

● ನಿಮ್ಹಾನ್ಸ್‌ನ ಇನ್ನೊಂದು ಅಧ್ಯಯನ ಕೇಳಿ, ಇದು 2000ದಲ್ಲಿ ಪ್ರಕಟವಾದದ್ದು. ತೀವ್ರ ಖಿನ್ನತೆಯಿಂದ ದಾಖಲಾದ 45 ರೋಗಿಗಳು, ಹದಿನೈದರಂತೆ ಮೂರು ಗುಂಪು. ಒಂದಕ್ಕೆ ವಿದ್ಯುತ್ ಚಿಕಿತ್ಸೆ, ಇನ್ನೊಂದಕ್ಕೆ ಇಮಿಪ್ರಮಿನ್ ಮಾತ್ರೆ, ಮತ್ತೊಂದಕ್ಕೆ ಸುದರ್ಶನ ಕ್ರಿಯೆಯ ಉಸಿರಾಟ. ನಾಲ್ಕು ವಾರದ ಕೊನೆಗೆ ಖಿನ್ನತೆಯಿಂದ ಹೊರಬಂದವರು ವಿದ್ಯುತ್ ಚಿಕಿತ್ಸೆಯಲ್ಲಿ ಶೇ. 93, ಮಾತ್ರೆಯಲ್ಲಿ ಶೇ. 73, ಉಸಿರಾಟದಲ್ಲಿ ಶೇ. 67.

ಈ ಅಂಕಿಯನ್ನು ಅರ್ಧ ಮಾತ್ರ ಓದುವವರಿದ್ದಾರೆ. ‘ಉಸಿರಾಟ ಮಾತ್ರೆಯಷ್ಟೇ ಗಟ್ಟಿ’ ಎಂದು ಸಂಭ್ರಮಿಸುವವರು ಮೊದಲ ಸಂಖ್ಯೆಯನ್ನು ನುಂಗಿಬಿಡುತ್ತಾರೆ. ಅಂದಹಾಗೆ ನಮ್ಮಲ್ಲಿ ‘ಶಾಕ್ ಕೊಡ್ತಾರ’ ಎಂದು ಸಿನಿಮಾ ನೋಡಿ ಅಂಜುವ ಚಿಕಿತ್ಸೆಯೇ ಇಲ್ಲಿ ಎಲ್ಲರಿಗಿಂತ ಮುಂದಿತ್ತು. ಪರೀಕ್ಷೆ ನಡೆದದ್ದು ಆಸ್ಪತ್ರೆಯೊಳಗೆ, ವೈದ್ಯರ ಕಣ್ಣೆದುರು. ಮನೆಯಲ್ಲಿ ಮೊಬೈಲ್ ನೋಡಿಕೊಂಡು ಮಾತ್ರೆ ಬಿಟ್ಟುಬಿಡಿ ಎಂದು ಅದು ಯಾರಿಗೂ ಹೇಳಿಲ್ಲ.

● ಸ್ಕಿಜೋಫ್ರೇನಿಯಾ ಇರುವವರಿಗೂ ನಿಮ್ಹಾನ್ಸ್ ಯೋಗ ಕಲಿಸಿ ನೋಡಿದೆ, ಆದರೆ ಮಾತ್ರೆ ನಿಲ್ಲಿಸದೆ, ಅದರ ಜೊತೆಗೆ. 2007ರ ವರದಿಯಲ್ಲಿ ಬರೀ ವ್ಯಾಯಾಮ ಮಾಡಿದವರಿಗಿಂತ ಯೋಗ ಮಾಡಿದವರು ಹೆಚ್ಚು ಸುಧಾರಿಸಿದ್ದರು.

● 2019ರ ಆಗಸ್ಟ್. ಮಲಪ್ರಭೆ ತುಂಬಿ ಬಂದು ಸವದತ್ತಿ ತಾಲ್ಲೂಕಿನ ಮುನವಳ್ಳಿಯಿಂದ ರಾಮದುರ್ಗದವರೆಗೆ ಹೊಳೆದಂಡೆಯ ಊರುಗಳನ್ನು ಹೊಕ್ಕದ್ದು ಇಲ್ಲಿ ಯಾರಿಗೂ ನೆನಪು ಮಾಡಿಕೊಡಬೇಕಾಗಿಲ್ಲ. ಗೋಡೆ ಬಿದ್ದದ್ದನ್ನು ಪಂಚನಾಮೆ ಮಾಡಬಹುದು, ಪರಿಹಾರದ ಚೆಕ್ಕು ಬರೆಯಬಹುದು. ಮಳೆಯ ಸಪ್ಪಳಕ್ಕೆ ನಿದ್ದೆ ಹಾರುವುದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಅದನ್ನು ಬರೆದು ನೋಡಿದವರಿದ್ದಾರೆ. ಬೆಂಗಳೂರಿನ ಹತ್ತಿರ ಜಿಗಣಿಯಲ್ಲಿರುವ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದವರು 2004ರ ಸುನಾಮಿಯ ನಂತರ ಅಂಡಮಾನಿಗೆ ಹೋದರು. ಅಲ್ಲಿನ ಶಿಬಿರದ 47 ಮಂದಿಗೆ ಒಂದು ವಾರ, ದಿನಕ್ಕೊಂದು ಗಂಟೆ ಸರಳ ಆಸನ, ಉಸಿರಾಟ, ವಿಶ್ರಾಂತಿ. ಭಯ, ಕಳವಳ, ದುಃಖ, ನಿದ್ರಾಭಂಗ ಇಳಿದಿದ್ದವು. 2008ರಲ್ಲಿ ಬಿಹಾರದ ಕೋಸಿ ನದಿ ಉಕ್ಕಿದ ಮೇಲೆ ಅಲ್ಲಿಯ 22 ಮಂದಿ ಸಂತ್ರಸ್ತರ ಮೇಲೂ ಇಂಥದೇ ಅಧ್ಯಯನ ಬಂತು. ವಾರದ ಯೋಗದಿಂದ ದುಃಖ ಕಡಿಮೆಯಾಯಿತು. ಯೋಗ ಮಾಡದೆ ಕಾದು ಕೂತವರಲ್ಲಿ ಕಳವಳ ಏರಿತ್ತು. ಚಿಕ್ಕ ಅಧ್ಯಯನಗಳು, ನಿಜ. ಆದರೆ ಖರ್ಚು? ಒಂದು ಜಮಖಾನೆ, ತಿಳಿದ ಒಬ್ಬ ಶಿಕ್ಷಕ. ಮುಂದಿನ ಸಲ ಗಂಜಿ ಕೇಂದ್ರ ತೆರೆಯುವಾಗ ಅಕ್ಕಿ, ಹೊದಿಕೆಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿದರೆ ಸರ್ಕಾರದ ಬೊಕ್ಕಸವೇನೂ ಬರಿದಾಗದು.

● ಪೆಟ್ಟು ಬಿದ್ದ ಮೊದಲ ವಾರಗಳಲ್ಲಿ ನಿದ್ದೆ ಬಾರದಿರುವುದು, ಬೆಚ್ಚಿಬೀಳುವುದು ಸಹಜ. ಹೆಚ್ಚಿನವರು ತಾವಾಗೇ ಸುಧಾರಿಸಿಕೊಳ್ಳುತ್ತಾರೆ. ತಿಂಗಳು ದಾಟಿಯೂ ಅದೇ ದೃಶ್ಯ ಕಣ್ಣಿಗೆ ಕಟ್ಟುತ್ತಿದ್ದರೆ, ಆ ದಾರಿ, ಆ ಸದ್ದು, ಆ ಮಾತನ್ನೇ ತಪ್ಪಿಸಿಕೊಂಡು ತಿರುಗುವಂತಾದರೆ ಅದಕ್ಕೆ ಚಿಕಿತ್ಸೆ ಬೇಕು. ‘ಗಾಳಿ ಬಡದೈತಿ’ ಎಂದು ತಾಯತ ಕಟ್ಟಿಸುವವರು ಕಟ್ಟಿಸಲಿ. ಕಟ್ಟಿಸಿದ ಮೇಲೆ ಡಾಕ್ಟರರ ಹತ್ತಿರವೂ ಕರೆದೊಯ್ಯಲಿ.

● ‘ಕಣ್ಣು ಮುಚ್ಚಿ, ಅಂಗಾತ ಮಲಗಿ, ಮೈ ಸಡಿಲ ಬಿಡಿ.’ ಯೋಗದ ತರಗತಿಯಲ್ಲಿ ಇದಕ್ಕಿಂತ ಸಾಧು ಮಾತಿಲ್ಲ ಎನಿಸುತ್ತದಲ್ಲವೇ? ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗಳಿಗೆ ಈ ಮೂರೂ ಅಪ್ಪಣೆಗಳು ಹಳೆಯ ಅಂಜಿಕೆಯನ್ನು ಎಬ್ಬಿಸಬಲ್ಲವು. ಕತ್ತಲು, ಅಂಗಾತ ಬಿದ್ದ ಮೈ, ತಲೆಯ ಮೇಲಿಂದ ಬರುವ ಗಟ್ಟಿ ದನಿ. ‘ಭುಜ ನೆಟ್ಟಗಿಲ್ಲ’ ಎಂದು ಶಿಕ್ಷಕರು ಹಿಂದಿನಿಂದ ಬಂದು ಮುಟ್ಟಿದರಂತೂ ಮುಗಿಯಿತು.

ಇದಕ್ಕೆಂದೇ ಅಮೆರಿಕದಲ್ಲಿ ಬೇರೊಂದು ಬಗೆಯ ತರಗತಿ ಬೆಳೆಯಿತು. ಅಲ್ಲಿ ಕಣ್ಣು ತೆರೆದೇ ಇರಬಹುದು. ಬಾಗಿಲು ಎಲ್ಲಿದೆಯೆಂದು ಕಾಣುವಂತೆ ಕೂರಬಹುದು. ‘ಕೈ ಎತ್ತಿ’ ಎನ್ನುವ ಬದಲು ‘ಬೇಕೆನಿಸಿದರೆ ಕೈ ಎತ್ತಬಹುದು’ ಎನ್ನುತ್ತಾರೆ. ಯಾರೂ ಯಾರನ್ನೂ ಮುಟ್ಟುವುದಿಲ್ಲ. ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಕ್ ಮತ್ತು ಸಂಗಡಿಗರು 2014ರಲ್ಲಿ ಇದರ ಫಲ ಪ್ರಕಟಿಸಿದರು. ಬೇರೆ ಚಿಕಿತ್ಸೆಗೆ ಬಗ್ಗದೆ ಬಹುಕಾಲ ನರಳಿದ 64 ಹೆಂಗಸರು, ಹತ್ತು ವಾರ. ಕೊನೆಗೆ ಯೋಗದ ಗುಂಪಿನ 31 ಮಂದಿಯಲ್ಲಿ 16 ಮಂದಿಗೆ ಆಘಾತದ ಕಾಯಿಲೆಯ ಲಕ್ಷಣಗಳು ರೋಗವೆನ್ನುವ ಮಟ್ಟಕ್ಕಿಂತ ಕೆಳಗಿಳಿದಿದ್ದವು. ಬರೀ ಆರೋಗ್ಯದ ಪಾಠ ಕೇಳಿದ ಗುಂಪಿನಲ್ಲಿ ಹಾಗಾದದ್ದು 29ರಲ್ಲಿ 6 ಮಂದಿಗೆ. ನನ್ನ ಮಟ್ಟಿಗೆ ಇಲ್ಲಿ ಆಸನಕ್ಕಿಂತ ಆ ‘ಬೇಕೆನಿಸಿದರೆ’ ಎಂಬ ಮಾತೇ ದೊಡ್ಡ ಔಷಧ. ತನ್ನ ಮೈಯ ಮೇಲೆ ತನ್ನ ಮಾತು ನಡೆಯುತ್ತದೆ ಎಂಬುದನ್ನು ಆ ಹೆಂಗಸರಿಗೆ ಬಹಳ ವರ್ಷಗಳಿಂದ ಯಾರೂ ಹೇಳಿರಲಿಲ್ಲ.

ನಮ್ಮೂರ ಯೋಗ ಶಿಕ್ಷಕರು ಇದನ್ನು ನಾಳೆಯಿಂದಲೇ ಜಾರಿಗೆ ತರಬಹುದು. ಒಂದು ಪೈಸೆ ಖರ್ಚಿಲ್ಲ.

● ಎದೆ ಬಡಿದುಕೊಂಡು, ಬೆವರಿ, ‘ಉಸರು ಸಾಲವಲ್ದು’ ಎಂದು ಒದ್ದಾಡುವ ಪ್ಯಾನಿಕ್ ಹೊತ್ತಿನಲ್ಲಿ ಹಲವರಿಗೆ ಗಾಳಿ ಕಡಿಮೆಯಾಗಿರುವುದಿಲ್ಲ, ಹೆಚ್ಚಾಗಿರುತ್ತದೆ! ಬೀಸುಬೀಸಾಗಿ ಉಸಿರಾಡಿ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದುಹೋಗಿ ತುಟಿ, ಬೆರಳು ಜುಮ್ಮೆನ್ನುತ್ತವೆ, ತಲೆ ತಿರುಗುತ್ತದೆ. ಸುತ್ತ ನೆರೆದವರು ‘ಜೋರಾಗಿ ಉಸರು ತಗೋ’ ಎನ್ನುವುದು ಉರಿಯುವ ಒಲೆಗೆ ಊದಿದಂತೆ. ‘ಸಾವಕಾಶ ಬಿಡವಾ’ ಎನ್ನಿ. ಆದರೆ ಎದೆನೋವು ಮೊದಲ ಸಲ ಬಂದದ್ದಾದರೆ, ಅದು ಹೃದಯದ್ದಲ್ಲ ಎಂದು ತೀರ್ಮಾನಿಸುವವರು ನೀವಲ್ಲ; ಮೊದಲು ಆಸ್ಪತ್ರೆ.

● ಕಪಾಲಭಾತಿ, ಭಸ್ತ್ರಿಕಾದಂಥ ಬೀಸು ಉಸಿರಾಟ ಎಲ್ಲರಿಗೂ ಅಲ್ಲ. ಗರ್ಭಿಣಿಯರು, ಬಿಪಿ, ಹೃದ್ರೋಗ, ಫಿಟ್ಸ್ ಇರುವವರು, ಪದೇಪದೇ ಪ್ಯಾನಿಕ್ ಆಗುವವರು ವೈದ್ಯರನ್ನು ಕೇಳದೆ ಬೀಸು ಉಸಿರಾಟಕ್ಕೂ ಉಸಿರು ಕಟ್ಟುವುದಕ್ಕೂ ಕೈ ಹಾಕಬಾರದು.

● ಜೋಗತಿ ಮಂಜಮ್ಮನವರ ಕತೆ ಗೊತ್ತೇ? ಬಳ್ಳಾರಿ ಸೀಮೆಯಲ್ಲಿ ಗಂಡಾಗಿ ಹುಟ್ಟಿ, ಒಳಗಿನ ಹೆಣ್ಣನ್ನು ಮನೆಯವರೂ ಊರವರೂ ಒಪ್ಪದೆ, ವಿಷ ಕುಡಿದು ಬದುಕುಳಿದವರು. ಇದನ್ನು ಅವರೇ ಎಲ್ಲರೆದುರು ಹೇಳಿಕೊಂಡಿದ್ದಾರೆ. ದಾವಣಗೆರೆಯ ಬಸ್‌ ನಿಲ್ದಾಣದ ಹತ್ತಿರ ಅಪ್ಪ ಹಾಡುತ್ತ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದುದನ್ನು ಕಂಡು ಆ ಕುಣಿತ ಕಲಿತರು. ಮುಂದೆ ಕಾಳವ್ವ ಜೋಗತಿಯವರ ಮೇಳ ಸೇರಿದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷಗಿರಿ, 2021ರಲ್ಲಿ ಪದ್ಮಶ್ರೀ. ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಪಡೆಯುವ ಮುನ್ನ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ಇಡೀ ದೇಶ ನೋಡಿತು. ಕೊಡ ಬೀಳದಂತೆ ಕುಣಿಯುವುದಕ್ಕೆ ಕತ್ತು, ಉಸಿರು, ಹೆಜ್ಜೆ ಮೂರೂ ಒಂದಾಗಬೇಕು. ಬೇರೆ ಯೋಚನೆ ಬಂದ ಕ್ಷಣ ಕೊಡ ವಾಲುತ್ತದೆ.

● ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಭರತ ಹುಣ್ಣಿಮೆಗೆ ಸೇರುವ ಲಕ್ಷಾಂತರ ಜನ ಕೂಗುವ ‘ಉಧೋ ಉಧೋ’ ಕೂಡ ಉದ್ದಕ್ಕೆ ಬಿಟ್ಟ ಉಸಿರೇ. ಚಕ್ಕಡಿ ಕಟ್ಟಿಕೊಂಡು, ನಡೆದು, ಜೋಗುಳಬಾವಿಯಲ್ಲಿ ಮಿಂದು, ಚೌಡಿಕೆಯ ಸದ್ದಿಗೆ ಕುಣಿದು ಎದೆಯ ಭಾರ ಇಳಿಸಿಕೊಂಡವರು ಎಷ್ಟೋ ಜನ.

ಅದೇ ಗುಡ್ಡದ ಹೆಸರಿನಲ್ಲಿ ಸಣ್ಣ ಹುಡುಗಿಯರಿಗೆ ಮುತ್ತು ಕಟ್ಟಿದ್ದೂ ಸುಳ್ಳಲ್ಲ. ದೇವದಾಸಿ ಸಮರ್ಪಣೆಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ಹಾಗೆ ಮುತ್ತು ಕಟ್ಟಿಸಿಕೊಂಡಿದ್ದ ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿಯವರು ಮಾಸ್ ಸಂಸ್ಥೆಯ ಮೂಲಕ ತಮ್ಮಂಥ ಹೆಣ್ಣುಮಕ್ಕಳನ್ನು ಸಂಘಟಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅವರು ಹಿಡಿದ ದಾರಿ ಸಂಘ, ದುಡಿಮೆ, ಕಾನೂನು. ಊರೇ ಮಾಡಿದ ಗಾಯಕ್ಕೆ ಗಾಯಗೊಂಡವಳೊಬ್ಬಳೇ ಮೂಲೆಯಲ್ಲಿ ಕೂತು ಪ್ರಾಣಾಯಾಮ ಮಾಡಲಿ ಎನ್ನುವುದು ನ್ಯಾಯವಲ್ಲ.

● ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೋಣಿಸ್ಪರ್ಧೆಯ ಹುಡುಗರನ್ನು ಒಬ್ಬೊಬ್ಬರಾಗಿಯೂ ಒಟ್ಟಾಗಿಯೂ ಅಷ್ಟೇ ಹುಟ್ಟು ಹಾಕಿಸಿ ನೋಡಿದಾಗ, ಒಟ್ಟಾಗಿ ಹಾಕಿದ ದಿನ ಅವರ ನೋವು ತಾಳುವ ಶಕ್ತಿ ಹೆಚ್ಚಿತ್ತು. ದಣಿವು ಒಂದೇ, ಲಯ ಕೂಡಿದ್ದೇ ವ್ಯತ್ಯಾಸ. 2010ರ ಸಂಗತಿ. ಹೆಜ್ಜೆಮೇಳದಲ್ಲಿ ಇಡೀ ರಾತ್ರಿ ಕುಣಿದು ಮುಂಜಾನೆ ಹೊಲಕ್ಕೆ ಹೋಗುವವರಿಗೆ ಇದು ಹೊಸ ಸುದ್ದಿಯೇನಲ್ಲ. ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗಿಸುತ್ತ ಹಾಡುತ್ತಿದ್ದ ಹಂತಿ ಪದಗಳು, ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಅತ್ತೆ, ತವರು, ಸತ್ತ ಕೂಸು ಎಲ್ಲವನ್ನೂ ಹಾಡಿಕೊಳ್ಳುತ್ತಿದ್ದ ಪದಗಳು, ಇವೂ ಮೈ, ಉಸಿರು, ದುಃಖ ಮೂರನ್ನೂ ಒಂದೇ ಲಯಕ್ಕೆ ತರುತ್ತಿದ್ದವು. ರಾಶಿ ಮಷಿನ್ನೂ ಗಿರಣಿಯೂ ಬಂದು ರಟ್ಟೆಯ ದುಡಿತ ತಪ್ಪಿತು, ಒಳ್ಳೆಯದೇ. ಅವುಗಳ ಜೊತೆ ಹಾಡೂ ಹೋಯಿತು.

● ಸಂಗೊಳ್ಳಿಯಲ್ಲಿ ರಾಯಣ್ಣನ ಪ್ರತಿಮೆಯ ಪಕ್ಕ ಸಾಮು ಮಾಡುವ ಕಟ್ಟಿಗೆಯ ಭಾರಗಳಿವೆ. ಅದರಲ್ಲೊಂದನ್ನು ಸ್ವತಃ ರಾಯಣ್ಣ ಎತ್ತುತ್ತಿದ್ದ ಎನ್ನುತ್ತಾರೆ. ಗರಡಿಯ ತಾಲೀಮು ಮೈಗಷ್ಟೇ ಎಂದುಕೊಂಡವರಿಗೆ: 218 ಪ್ರಯೋಗಗಳು, 14,170 ಜನರ ಮಾಹಿತಿಯನ್ನು ಒಟ್ಟು ಮಾಡಿ 2024ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯಲ್ಲಿ ಖಿನ್ನತೆ ಇಳಿಸುವುದಕ್ಕೆ ನಡಿಗೆ-ಓಟ, ಯೋಗ, ಭಾರ ಎತ್ತುವುದು ಮುಂದಿನ ಸಾಲಿನಲ್ಲಿದ್ದವು. ಅರ್ಧಕ್ಕೆ ಬಿಟ್ಟುಹೋದವರು ಕಡಿಮೆ ಇದ್ದದ್ದು ಯೋಗದಲ್ಲೂ ಭಾರ ಎತ್ತುವುದರಲ್ಲೂ.

● ಧಾರವಾಡದ ಮಾನಸಿಕ ಆಸ್ಪತ್ರೆ 19ನೇ ಶತಮಾನದಷ್ಟು ಹಳೆಯದು. ‘ಹುಚ್ಚರ ದವಾಖಾನಿ’ ಎಂಬ ಹೆಸರಿಗೆ ಅಂಜಿ ಅದರ ಗೇಟಿನವರೆಗೆ ಹೋಗಿ ಮರಳಿದವರು ಬಹಳ. ಈಗ ಅದು ಡಿಮ್ಹಾನ್ಸ್. ಬೈಲಹೊಂಗಲದಿಂದಲೂ ಕಿತ್ತೂರಿನಿಂದಲೂ ಮುಂಜಾನೆ ಬಸ್ ಹತ್ತಿದರೆ ತೋರಿಸಿಕೊಂಡು ಸಂಜೆಗೆ ಮನೆ ಸೇರಬಹುದು. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರ ತಪಾಸಣೆಗೆ ಏರ್ಪಾಡಿದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯರಲ್ಲೋ ವಿಚಾರಿಸಿ.

● ಅಷ್ಟು ದೂರವೂ ಹೋಗಲಾರದವರು ಟೆಲಿ ಮಾನಸ್ ಸಹಾಯವಾಣಿಗೆ ಫೋನ್ ಮಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಂಬರ್ 14416. ಗೋಡೆಯ ಕ್ಯಾಲೆಂಡರಿನ ಮೇಲೆ ಈಗಲೇ ಬರೆದಿಡಿ.